ಎಡ ಹದಿನೇಳು, ಬಲ ಹದಿನೇಳು

ಕಾಳಿಯಲ್ಲಿ ಭರತ ಏರುವ ಹೊತ್ತಿಗೆ
ಅಸುಂತಾ ಬಾಯಿ ಅದನ್ನು ಠಾಣೆಯ ಮೇಜಿನ ಮೇಲಿಟ್ಟಳು,
ಹಳೆಯ ಪರಕಾರದ ತುಂಡಿನಲ್ಲಿ ಸುತ್ತಿ ತಂದದ್ದು,
ಬಂಗಡೆ ಮಾರುವವಳು ಎಲೆ ಬಿಚ್ಚುವ ಹಾಗೆ ಬಿಚ್ಚಿ.
"ಅಜ್ಜನದು. ತೀರಿಹೋದ. ಅಕ್ಕಿ ಡಬ್ಬದ ತಳದಲ್ಲಿತ್ತು.
ನಮಗೆ ಬೇಡ."

ಅಜ್ಜ ಕಾಯ್ತಾನ್, ಲಾಂಚಿನ ಇಂಜಿನ್ನು ನೋಡುತ್ತಿದ್ದವ.
ಕುಡಿದಾಗ ಒಂದು ಕತೆ: ಮುರಗಾಂವಿಗೆ ಬಂದ
ಜರ್ಮನ್ ಹಡಗಿನ ಅಡುಗೆಯವ ಕೊಟ್ಟದ್ದು.
ಕುಡಿಯದಾಗ ಇನ್ನೊಂದು: ಪೋಳೆ ನಾಕಾದಲ್ಲಿ
ಪಾಕಲೋ ಸಿಪಾಯಿ ಇಸ್ಪೀಟಿನಲ್ಲಿ ಸೋತದ್ದು.
ಪಾದ್ರಿಗೆ ಹೇಳಿದ್ದು ಮೂರನೆಯದು,
ಅದು ಪಾದ್ರಿಯ ಜತೆಗೇ ಮಣ್ಣಿಗೆ ಹೋಯಿತು.

ನಾನು ಸರಕಾರಿ ಆರ್ಮರರ್,
ಇಪ್ಪತ್ತೆಂಟು ವರ್ಷ ನಾಡಬಂದೂಕುಗಳ ಕುದುರೆ ಬಿಗಿದವನು.
ಮುದ್ದೆಮಾಲಿನ ನಮೂನೆಯಲ್ಲಿ ಒಂದು ಕಾಲಂ: ಮೂಲ.
ಬೆರಳಗಲ ಜಾಗ.

ಬಿಚ್ಚಿದೆ.
ಸ್ಲೈಡಿನ ಮೇಲೆ ಸಿ, ವೈ, ಕ್ಯೂ.
ವೈ ಅಕ್ಷರದ ಬಾಲ ಮುರಿದು ವಿ ಆಗಿ ನಿಂತಿದೆ.
ಚೆಕ್ ಗಡಿಯ ಕಾರ್ಖಾನೆ ಅದು, ಅಚ್ಚು ಸವೆದರೂ
ಬದಲಿಸಲು ಪುರುಸೊತ್ತಿಲ್ಲ, ಯುದ್ಧ ಸೋಲುತ್ತಿತ್ತು.
ಅರದ ಗೀರುಗಳು ಹಾಗೇ ಉಳಿದಿವೆ,
ಒಲೆಯ ಮೇಲೆ ಹಾಲಿಟ್ಟು ಬಂದವರು ಉಜ್ಜಿದಂತೆ.

ಫ್ರೇಮಿನಲ್ಲಿ ಪುಟ್ಟ ಹದ್ದು, ಹದ್ದಿನ ಕಾಲಡಿ ನೂರಾ ನಲವತ್ತು.
ಅದು ಬೆಲ್ಜಿಯಂ. ಗೆದ್ದವರಿಗಾಗಿ ಸೋತವರು ಕೊರೆದ ಉಕ್ಕು.
ಯಾರೋ ಒಬ್ಬ ಬೇಕಂತಲೇ
ಕೂದಲೆಳೆಯಷ್ಟು ಹೆಚ್ಚು ಕೊರೆದನೋ ಏನೋ,
ಸ್ಲೈಡು ಅಲ್ಲಿ ಇವತ್ತಿಗೂ ತುಸು ಗಲಗಲ ಎನ್ನುತ್ತದೆ.

ಬ್ಯಾರಲ್ ಬೇರೆಯೇ ಮನೆತನ, ಮೌಸರ್: ಹದ್ದು, ನೂರಾ ಮೂವತ್ತೈದು.
ಒಂದರ ಸಂಖ್ಯೆ ನಾಲ್ಕು ಸಾವಿರದ ಚಿಲ್ಲರೆ, ಒಂದರದ್ದು ಒಂಬತ್ತು,
ಇನ್ನೊಂದರದ್ದನ್ನು ಯಾರೋ ಉಜ್ಜಿ ಅಳಿಸಿದ್ದಾರೆ
ಪಡಿತರ ಚೀಟಿಯಿಂದ ಹೆಸರು ಕೆತ್ತಿ ತೆಗೆದ ಹಾಗೆ.
ಎರಡು ಸ್ಪ್ರಿಂಗುಗಳಲ್ಲಿ ಒಂದು ಯಾವ ಯುದ್ಧದ್ದೂ ಅಲ್ಲ,
ಲಾಂಚಿನ ಇಂಜಿನ್ನಿನದು.
ಗುಂಡಿಗೆ ಬಡಿಯುವ ಸೂಜಿ ಇಲ್ಲವೇ ಇಲ್ಲ.

ರೈಟರ್ ಮಂಗಲಾ ಕೊಠಾರಕರ ಪೆನ್ನಿನ ಟೋಪಿ ಕಚ್ಚಿ ಕೂತಿದ್ದಳು.
"ಸರ್, ಒಂದು ಊರು ಹೇಳಿ ಸಾಕು."

ಕಡೆಗೆ ಹಿಡಿಯ ಸ್ಕ್ರೂ ತಿರುಗಿಸಿದೆ.
ಬೇಕಲೈಟ್ ಇರಬೇಕಾದಲ್ಲಿ ಎರಡು ಮರದ ತುಂಡು,
ಮೂಸಿದರೆ ಮೀನೆಣ್ಣೆ, ಅದರಡಿಯಲ್ಲಿ ಉಪ್ಪು.
ಒಳಮೈಯಲ್ಲಿ ಚಾಣದಿಂದ ಕೊರೆದ ಕನ್ನಡದ ಅಂಕಿ:
೧೭.
ಇನ್ನೊಂದನ್ನು ಮಗುಚಿದೆ:
೧೭.

ಇಡೀ ಪಿಸ್ತೂಲಿನಲ್ಲಿ ಒಂದಕ್ಕೊಂದು ಹೊಂದುವ ಸಂಖ್ಯೆ
ಅದೊಂದೇ.

ಸ್ಕೂಟರ್ ಹತ್ತಿ ಕೋಡಿಬಾಗಕ್ಕೆ ಹೋದೆ.
ದೋಣಿ ಕಟ್ಟುವ ಚಪ್ಪರದಡಿ ಬೊಮ್ಮಯ್ಯ ಆಚಾರಿ
ಕನ್ನಡಕ ಹಣೆಗೇರಿಸಿ, ಉಗುರಿನಿಂದ ತಟ್ಟಿ ನೋಡಿದ.
"ಉಂಡಿ ಮರ. ನೀರು ಕಂಡದ್ದು.
ದೋಣಿ ಬಿಚ್ಚುವಾಗ ಹಲಗೆಗಳಿಗೆ ಅಪ್ಪ ಹೀಗೇ ಗುರುತು ಹಾಕುತ್ತಿದ್ದ,
ಎಡ ಹದಿನೇಳು, ಬಲ ಹದಿನೇಳು,
ತಿರುಗಿ ಕೂಡಿಸುವಾಗ ತಪ್ಪಬಾರದಲ್ಲ.
ಏಳರ ಬಾಲ ಇಷ್ಟುದ್ದ ಎಳೆಯುವವ ಅವನೊಬ್ಬನೇ.
ಕೊಯ್ದವನು ನೋಡಿ, ಗುರುತು ಉಳಿಯುವ ಹಾಗೆ ಕೊಯ್ದಿದ್ದಾನೆ."
ಯಾವ ದೋಣಿ, ಕೇಳಿದೆ.
"ಅದು ಹೇಗೆ ಹೇಳುವುದು?
ಇದರ ಹಲಗೆ ಅದಕ್ಕೆ, ಅದರದ್ದು ಇದಕ್ಕೆ.
ತೇಲಿತಾ ಇಲ್ಲವಾ, ಅಷ್ಟೇ ಕೇಳುವುದು ನಾವು."

ಠಾಣೆಗೆ ಮರಳಿ ಬರೆದೆ: ಕೋಡಿಬಾಗ.
ಮಂಗಲಾ ಓದಿ ನನ್ನ ಮುಖ ನೋಡಿದಳು.
"ಜರ್ಮನಿಯಲ್ಲೂ ಒಂದು ಕೋಡಿಬಾಗ ಇದೆಯಾ ಸರ್?"

ಸಾಹೇಬರು ಒಪ್ಪುವುದಿಲ್ಲ, ಗೊತ್ತು.
ಹೊಡೆದುಹಾಕಿ ಮೇಲೆ ಬರೆದೆ: ಜರ್ಮನಿ.
ಹೊಡೆದ ಗೆರೆಯನ್ನು ಮಾತ್ರ ತೆಳ್ಳಗೆ ಎಳೆದಿದ್ದೇನೆ,
ಓದಬೇಕೆಂದವರಿಗೆ ಕಾಣುವಷ್ಟು.